ನೆಲಮಾಳಿಗೆಯ ನೀರಿನ ಲೆಕ್ಕ

ಮಿಷಿಗನ್ನಿನ ಜುಲೈ. ಹೊರಗೆ ಚುರುಗುಟ್ಟುವ ಬಿಸಿಲು, ಮಳೆಯ ಸುಳಿವೇ ಇಲ್ಲ. ಆದರೂ ಮಗಳ ಮನೆಯ ಬೇಸ್‌ಮೆಂಟಿನಲ್ಲಿ ಆಷಾಢದ ಮುಗ್ಗಲು ವಾಸನೆ. ನಮ್ಮ ತೀರ್ಥಹಳ್ಳಿ ಕಡೆ ಈ ವಾಸನೆಗೆ ಕಾರಣ ಕೇಳುವವರಿಲ್ಲ. ತಿಂಗಳುಗಟ್ಟಲೆ ಹೊಯ್ಯುತ್ತದೆ, ಗೋಡೆಯೂ ಬೂಷ್ಟು ಹಿಡಿಯುತ್ತದೆ, ಉಪ್ಪೂ ನೀರಾಗುತ್ತದೆ. ಇಲ್ಲಿ ಏನು ಕಾರಣ?

*

ಮೂಲೆಯಲ್ಲಿ ಬಿಳಿ ಬಣ್ಣದ ಮೆಷಿನ್ ಒಂದು ಸದಾ ಗುಂಯ್‌ಗುಡುತ್ತಿದೆ. ಡಿಹ್ಯೂಮಿಡಿಫೈಯರ್ ಅಂತೆ. ಗಾಳಿಯಲ್ಲಿರುವ ನೀರು ತೆಗೆಯುವುದು ಅದರ ಕೆಲಸ. ಹೊಟ್ಟೆಯಲ್ಲಿರುವ ಬಕೆಟ್ ತುಂಬಿತೋ, ಕೀಂ ಎಂದು ಕೂಗಿ ನಿಂತುಬಿಡುತ್ತದೆ. ಆಗ ಅಳಿಯಂದಿರು ಇಳಿದುಹೋಗಿ, ಆರೇಳು ಲೀಟರ್ ಹಿಡಿಸುವ ಆ ಬಕೆಟನ್ನು ತುಳುಕದ ಹಾಗೆ ಎಳೆದು, ವಾಷಿಂಗ್ ಮೆಷಿನ್ ಪಕ್ಕದ ಸಿಂಕಿನವರೆಗೆ ಹೊತ್ತು ಸುರಿದು ಬರುತ್ತಾರೆ. ಬೆಳಿಗ್ಗೆ ಮೀಟಿಂಗಿಗೆ ಮೊದಲೊಮ್ಮೆ, ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ. ನಾನು ಕೈ ಹಾಕಿದರೆ, "ಅತ್ತೆ, ನೀವು ಎತ್ತೋಕೆ ಹೋಗ್ಬೇಡಿ, ಭಾರ ಇದೆ" ಅನ್ನುತ್ತಾರೆ.

ಪಾತ್ರೆ ತೊಳೆಯುವುದಕ್ಕೆ ಮೆಷಿನ್, ಬಟ್ಟೆ ಒಣಗಿಸುವುದಕ್ಕೆ ಮೆಷಿನ್, ನೆಲ ಗುಡಿಸುವುದಕ್ಕೂ ಮೆಷಿನ್ ಇರುವ ಮನೆಯಲ್ಲಿ ನೀರು ಹೊರುವ ಕೆಲಸ ಮಾತ್ರ ಮನುಷ್ಯನಿಗೆ ಹೇಗೆ ಉಳಿಯಿತು?

*

ನೆಲದೊಳಗೆ ಮನೆ ಕಟ್ಟುವುದು ಯಾಕೆ? ಕೇಳಿದೆ. ಚಳಿಗಾಲದಲ್ಲಿ ಇಲ್ಲಿ ಮಣ್ಣೊಳಗಿನ ನೀರೂ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದರೆ ಉಬ್ಬುತ್ತದೆ, ಉಬ್ಬಿದರೆ ಪಾಯವನ್ನೇ ಎತ್ತಿಬಿಡುತ್ತದೆ. ಹಾಗಾಗಿ ಮಿಷಿಗನ್ನಿನಲ್ಲಿ ಪಾಯ 42 ಅಂಗುಲವಾದರೂ ಕೆಳಗಿಳಿಯಬೇಕು. ಹೇಗೂ ಮೂರೂವರೆ ಅಡಿ ಅಗೆಯುವುದಾದರೆ ಇನ್ನು ನಾಲ್ಕಡಿ ಅಗೆದು ಒಂದು ಅಂತಸ್ತನ್ನೇ ಗಿಟ್ಟಿಸಿಕೊಳ್ಳೋಣ ಎಂಬುದು ಇವರ ಲೆಕ್ಕಾಚಾರ. ಬುದ್ಧಿವಂತಿಕೆಯೇ. ಆದರೆ ಮೂರು ದಿಕ್ಕಿಗಲ್ಲ, ನಾಲ್ಕೂ ದಿಕ್ಕಿಗೆ ಮಣ್ಣು ಒರಗಿರುವ ಕೋಣೆ ಒಣಗಿರಬೇಕು ಎಂದು ಬಯಸುವುದು ಸ್ವಲ್ಪ ಹಟವೂ ಹೌದು.

*

ತೇವ ಇದ್ದರೆ ಕಿಟಕಿ ತೆಗೆಯಬೇಕು, ಗಾಳಿ ಆಡಬೇಕು. ಇದು ಹುಟ್ಟಿನಿಂದ ಬಂದ ತಿಳಿವಳಿಕೆ. ಮಗಳು ತಡೆಯುತ್ತಾಳೆ: "ಅಮ್ಮ, ಬೇಸ್‌ಮೆಂಟ್ ಕಿಟಕಿ ತೆಗೀಬೇಡ, ಇನ್ನೂ ಜಾಸ್ತಿ ಆಗುತ್ತೆ."

ಕಾಗದದ ಮೇಲೆ ಹಾಕಿ ನೋಡಿದರೆ ಅವಳ ಮಾತೇ ಸರಿ. ಹೊರಗಿನ ಗಾಳಿ 28 ಡಿಗ್ರಿ, ತೇವಾಂಶ ನೂರಕ್ಕೆ 70 ಎಂದಿಟ್ಟುಕೊಳ್ಳಿ. ಆ ಗಾಳಿ 22 ಡಿಗ್ರಿಗೆ ತಣಿದರೆ ಸಾಕು, ಹಿಡಿದಿಟ್ಟುಕೊಂಡ ನೀರನ್ನು ಬಿಡತೊಡಗುತ್ತದೆ. ಬೇಸ್‌ಮೆಂಟಿನ ಗೋಡೆ 18–20 ಡಿಗ್ರಿಯಲ್ಲಿ ತಣ್ಣಗೆ ನಿಂತಿದೆ. ಒಳಗೆ ಬಂದ ಗಾಳಿ ಆ ಗೋಡೆಗೆ ತಾಗಿ ಅಲ್ಲೇ ಬೆವರುತ್ತದೆ. ಅಂದರೆ ಇಲ್ಲಿ ಬೇಸಿಗೆಯಲ್ಲಿ ಕಿಟಕಿ ತೆಗೆದರೆ ಬರುವುದು ಗಾಳಿಯಲ್ಲ, ನೀರು. ಚಳಿಗಾಲದಲ್ಲಿ ಇದೇ ಕೋಣೆ ಒಣಗಿ ಮೈ ಕೈ ಬಿರಿಯುತ್ತದಂತೆ. ಆಗ ಮೇಲಿನ ಮನೆಯಲ್ಲಿ ಗಾಳಿಗೆ ನೀರು ಸೇರಿಸುವ ಬೇರೆ ಮೆಷಿನ್ ಓಡುತ್ತದೆ! ಒಂದು ಕಾಲದಲ್ಲಿ ಹಿಂಡುವುದು, ಇನ್ನೊಂದು ಕಾಲದಲ್ಲಿ ಹೊಯ್ಯುವುದು.

*

ಒಳಗೇನಿದೆ ಎಂದು ಹಿಂದಿನ ಜಾಲರಿ ತೆಗೆದು ಅಳಿಯಂದಿರು ತೋರಿಸಿದರು. ಫ್ರಿಜ್ಜಿನ ಸಂಸಾರವೇ. ಒಂದು ಕಂಪ್ರೆಸರ್, ಒಂದು ಫ್ಯಾನು, ತಣ್ಣಗಿನ ಸುರುಳಿ, ಅದರ ಹಿಂದೆ ಬಿಸಿ ಸುರುಳಿ. ಗಾಳಿ ಮೊದಲು ತಣ್ಣಗಿನ ಸುರುಳಿಗೆ ತಾಗಿ ನೀರು ಕಳೆದುಕೊಳ್ಳುತ್ತದೆ, ಆಮೇಲೆ ಬಿಸಿ ಸುರುಳಿಯ ಮೇಲೆ ಹಾದು ಹೊರಗೆ ಬರುತ್ತದೆ. ಸುರುಳಿಯ ತೆಳು ತಗಡುಗಳ ನಡುವೆ ಹನಿ ಮೂಡಿ, ದಪ್ಪಗಾಗಿ, ಪಕ್ಕದ ಹನಿಯನ್ನು ಕೂಡಿಸಿಕೊಂಡು ಸರ್ರನೆ ಜಾರುತ್ತದೆ. ಕೆಳಗೊಂದು ತಟ್ಟೆ, ತಟ್ಟೆಗೊಂದು ತೂತು, ತೂತಿನ ಕೆಳಗೆ ಬಕೆಟ್. ಬಕೆಟಿನಲ್ಲಿ ಒಂದು ತೇಲು ಬಿರಡೆ. ಅದು ಮೇಲೇರಿದರೆ ಕರೆಂಟು ಕಟ್.

ಕೋಣೆ ಮಾತ್ರ ತಂಪಾಗುವುದಿಲ್ಲ, ಸೆಕೆಯಾಗುತ್ತದೆ. ಒಂದು ಲೀಟರ್ ನೀರು ಆವಿಯಿಂದ ಹನಿಯಾಗುವಾಗ ಸುಮಾರು 0.68 ಯೂನಿಟ್ ಕರೆಂಟಿನಷ್ಟು ಶಾಖ ಬಿಡುತ್ತದೆ. ಅದಲ್ಲದೆ ಮೆಷಿನ್ ತಿನ್ನುವ ಕರೆಂಟೂ ಕೊನೆಗೆ ಶಾಖವೇ.

*

1902ರಲ್ಲಿ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಹಾಕುವ ಬಣ್ಣ ಸಾಲಿಗೆ ಕೂರದೆ ಹೋಗುತ್ತಿತ್ತು. ಅದಕ್ಕೆ ಪರಿಹಾರವಾಗಿ ವಿಲಿಸ್ ಕ್ಯಾರಿಯರ್ ಎಂಬ ಯುವ ಇಂಜಿನಿಯರ್ ಮಾಡಿದ ವಿನ್ಯಾಸವೇ ಇಂದಿನ ಏಸಿಯ ಮೂಲಪುರುಷ. ಅಂದರೆ ಏಸಿ ಹುಟ್ಟಿದ್ದು ಮನುಷ್ಯರ ಮೈ ತಂಪು ಮಾಡಲಿಕ್ಕಲ್ಲ, ಕಾಗದದ ತೇವ ತೆಗೆಯಲಿಕ್ಕೆ. ಈ ಬಿಳಿ ಮೆಷಿನ್ ಹಳೆಯ ಕಸುಬನ್ನೇ ಮಾಡುತ್ತಿದೆ.

*

ಮೆಷಿನ್ ಮೇಲೆ 50 ಪೈಂಟ್ ಎಂದಿದೆ. ದಿನಕ್ಕೆ ಅಷ್ಟು ತೆಗೆಯಬಲ್ಲದು, ನಮ್ಮ ಲೆಕ್ಕದಲ್ಲಿ 23 ಲೀಟರಿನ ಮೇಲೆ. ಪಕ್ಕದ ಮನೆಯಲ್ಲಿ ಇದೇ ಗಾತ್ರದ ಹಳೆಯದರ ಮೇಲೆ 70 ಪೈಂಟ್ ಎಂದಿದೆ. ಹೊಸದು ಸೊರಗಿದ್ದಲ್ಲ. 2019ರಲ್ಲಿ ಸರ್ಕಾರ ಪರೀಕ್ಷೆಯ ರೀತಿ ಬದಲಿಸಿತು. ಮೊದಲು 80 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಗಾಳಿಯಲ್ಲಿ ಅಳೆಯುತ್ತಿದ್ದರು, ಈಗ 65ರಲ್ಲಿ. ಬೇಸ್‌ಮೆಂಟಿನ ನಿಜಸ್ಥಿತಿಗೆ ಹತ್ತಿರ. ಅಂಗಡಿಯವರು ಎಷ್ಟು ಗಿರಾಕಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಯಿತೋ.

*

ಈಗ ನನ್ನನ್ನು ನಿದ್ದೆಗೆಡಿಸಿದ ಲೆಕ್ಕ. ಈ ಬೇಸ್‌ಮೆಂಟ್ ಸುಮಾರು 1,000 ಚದರಡಿ, ಎತ್ತರ 8 ಅಡಿ. ಹೊರಗಿನ ಆ ತೇವದ ಗಾಳಿಯನ್ನೇ ಇದರಲ್ಲಿ ತುಂಬಿದರೂ ಅದರಲ್ಲಿರುವ ನೀರೆಲ್ಲ ಸೇರಿ ನಾಲ್ಕೂ ಕಾಲು ಲೀಟರ್. ಒಂದು ಬಕೆಟಿಗೂ ಸಾಲದು. ಮತ್ತೆ ದಿನಕ್ಕೆರಡು ಬಕೆಟ್ ತುಂಬುವುದು ಎಲ್ಲಿಂದ?

ಹೊಸ ಗಾಳಿ ಸಂದುಗೊಂದಿನಿಂದ ಬರುತ್ತಲೇ ಇರುತ್ತದೆ ಎನ್ನುತ್ತಾಳೆ ಮಗಳು. ಸರಿ. ಆದರೆ ಕಾಂಕ್ರೀಟೂ ಮಣ್ಣಿನ ತೇವ ಹೀರಿ ಒಳಗೆ ಬಿಡುತ್ತದೆ. ಹಳೆಯ ಮನೆಗಳಲ್ಲಿ ನೆಲದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುವುದಿಲ್ಲವಂತೆ. ಯಾವುದರ ಪಾಲು ಎಷ್ಟು?

*

ಹೊರುವ ಕೆಲಸ ತಪ್ಪಿಸುವ ಯೋಜನೆ ಶುರುವಾಗಿದೆ. ಮೆಷಿನ್ ಬೆನ್ನಿಗೆ ಒಂದು ಪುಟ್ಟ ಮುಚ್ಚಳ ಇದೆ, ತಿರುಗಿಸಿ ತೆಗೆದರೆ ತಿರುಪಿನ ಬಾಯಿ. ತೋಟಕ್ಕೆ ನೀರು ಬಿಡುವ ಮುಕ್ಕಾಲು ಅಂಗುಲದ ಪೈಪಿಗೂ ಅದಕ್ಕೂ ಸರಿಯಾಗಿ ಹೊಂದುತ್ತದೆ. ಮೂರು ವರ್ಷದಿಂದ ಬೆನ್ನಿಗೇ ಇದ್ದ ಬಾಯಿ! "ಇದನ್ನು ಯಾಕೆ ಮೊದಲೇ ಹಾಕಲಿಲ್ಲ?" ಎಂದರೆ ಅಳಿಯಂದಿರು ನೆಲ ತೋರಿಸಿದರು. ನೀರು ಹೋಗಬೇಕಾದ ಮೋರಿಬಾಯಿ ಕೋಣೆಯ ಆಚೆ ತುದಿಯಲ್ಲಿದೆ. ಮೆಷಿನ್ ಬಾಯಿಯೋ ನೆಲದಿಂದ ಗೇಣುದ್ದವೂ ಮೇಲಿಲ್ಲ. ಅಡಿಗೆ ಕಾಲಂಗುಲ ಇಳಿಜಾರು ಎಂಬುದು ಇಲ್ಲಿನ ಪ್ಲಂಬರುಗಳ ರೂಢಿ. ಮೂವತ್ತಡಿ ದೂರಕ್ಕೆ ಏಳೂವರೆ ಅಂಗುಲ ಬೇಕು, ನಡುವೆ ಬಾಗಿಲ ಹೊಸಿಲು ಬೇರೆ.

ಅಡಿಕೆ ತೋಟದ ಬಸಿಗಾಲುವೆಯ ಕತೆಯೇ ಇಲ್ಲಿಯೂ: ಒಂದು ಕಡೆ ಉಬ್ಬಿದರೆ ಹಿಂದೆಲ್ಲ ನಿಲ್ಲುತ್ತದೆ. ಪೈಪು ಸುರುಳಿ ಬಿಚ್ಚಿದ ಮೇಲೂ ಹಳೆಯ ವಕ್ರ ಬಿಡುವುದಿಲ್ಲ. ಎಲ್ಲೋ ಒಂದು ಕಡೆ ಗೂನು ಎತ್ತುತ್ತದೆ, ಗೂನಿನ ಹಿಂದೆ ನೀರು ನಿಲ್ಲುತ್ತದೆ, ಮೆಷಿನ್ ಮತ್ತೆ ಬಕೆಟಿಗೇ ಸುರಿದು ಕೀಂ ಎನ್ನುತ್ತದೆ. ಉಪಾಯ ಎರಡು. ಪೈಪನ್ನು ಬೇಕಾದಷ್ಟೇ ಉದ್ದಕ್ಕೆ ಕತ್ತರಿಸುವುದು. ಮೆಷಿನನ್ನೇ ಗಟ್ಟಿ ಕಟ್ಟೆಯ ಮೇಲೆ ಏರಿಸಿ ಸಿಂಕಿನ ಪಕ್ಕದಲ್ಲಿಡುವುದು. ಎರಡನೆಯದು ಸುಲಭ, ಆದರೆ ತೇವ ಹೆಚ್ಚಿರುವುದು ಆಚೆ ಮೂಲೆಯಲ್ಲಿ.

*

ಮೋರಿಬಾಯಿಗೆ ಹನಿ ಬೀಳುವುದರಲ್ಲಿ ಇನ್ನೊಂದು ಲಾಭ. ಅದರ ಕೆಳಗಿನ ಬಾಗು ಪೈಪಿನಲ್ಲಿ ನೀರು ನಿಂತಿದ್ದರೆ ಮಾತ್ರ ಗಟಾರದ ವಾಸನೆ ಮೇಲೆ ಬಾರದು. ಬಳಸದಿದ್ದರೆ ಆ ನೀರು ಆರಿಹೋಗುತ್ತದೆ. ಬೇಸ್‌ಮೆಂಟಿನ ವಾಸನೆಯಲ್ಲಿ ಅರ್ಧ ಈ ಗಟಾರದ್ದೇ ಇರಬಹುದೆ?

*

ಕೊನೆಗೆ ಪಂಪೇ ಬಂತು. ಏಸಿ, ಫರ್ನೇಸುಗಳ ಹನಿ ನೀರಿಗಾಗಿ ಮಾಡಿದ ಸಣ್ಣ ಪೆಟ್ಟಿಗೆ. ಮೆಷಿನ್ನಿನ ಪೈಪು ಅದರೊಳಕ್ಕೆ ಇಳಿಯುತ್ತದೆ. ನೀರು ಏರಿದಾಗ ಒಳಗಿನ ತೇಲು ಬಿರಡೆ ಎದ್ದು ಪಂಪು ಗುರ್ರೆಂದು ಕೆಲವು ಸೆಕೆಂಡು ಓಡಿ ನಿಲ್ಲುತ್ತದೆ. ಕಿರುಬೆರಳಿಗಿಂತ ಸಣ್ಣ ಪಾರದರ್ಶಕ ಕೊಳವೆಯಲ್ಲಿ ನೀರು ಗೋಡೆ ಹತ್ತಿ, ಸೂರಿನ ತೊಲೆಗಳ ಗುಂಟ ಸಾಗಿ, ಸಿಂಕಿನ ಮೇಲೆ ಇಳಿಯುತ್ತದೆ. ಹದಿನೈದು ಅಡಿ ಎತ್ತರ ಅದಕ್ಕೆ ಲೆಕ್ಕವಲ್ಲ. ಮೇಲೆ ಹೋದದ್ದು ಹಿಂದಕ್ಕೆ ಇಳಿಯದಂತೆ ಬಾಯಲ್ಲೊಂದು ಕವಾಟ. ಕೊಳವೆಯ ತುದಿಯನ್ನು ಸಿಂಕಿನ ನೀರಿಗೆ ಮುಳುಗಿಸದೆ ಮೇಲೆಯೇ ಬಿಟ್ಟಿದ್ದಾರೆ, ಕೊಳಕು ನೀರು ಹಿಂದೆ ಎಳೆಯಬಾರದಲ್ಲ. ಹೊರಗೆ ಅಂಗಳಕ್ಕೂ ಬಿಡಬಹುದಿತ್ತು, ಆದರೆ ಹಿಮ ಬಿದ್ದಾಗ ತುದಿ ಹೆಪ್ಪುಗಟ್ಟಿ ಮುಚ್ಚಿಹೋಗುತ್ತದೆ.

ಪೆಟ್ಟಿಗೆಯಿಂದ ಎರಡು ತೆಳು ವೈರು ಎಲ್ಲಿಗೂ ಸೇರದೆ ಜೋತಾಡುತ್ತಿವೆ. ಅವು ಯಾತಕ್ಕೆ? ಪಂಪು ಕೆಟ್ಟು ನೀರು ಉಕ್ಕುವ ಹಾಗಾದರೆ ಏಸಿಯನ್ನು ನಿಲ್ಲಿಸುವುದಕ್ಕೆ. ಈ ಓಡಾಡುವ ಮೆಷಿನ್ನಿಗೆ ಅವನ್ನು ಜೋಡಿಸುವ ಜಾಗವೇ ಇಲ್ಲ. ಬಕೆಟ್ ಇದ್ದಾಗ ಪೂರ್ತಿ ತುಂಬಿದರೆ ಮೆಷಿನ್ ನಿಲ್ಲುತ್ತಿತ್ತು. ಈಗ ಪಂಪು ಸತ್ತರೆ ಮೆಷಿನ್ನಿಗೆ ಗೊತ್ತೇ ಆಗುವುದಿಲ್ಲ, ನೆಲಕ್ಕೆ ಸುರಿಯುತ್ತಲೇ ಇರುತ್ತದೆ. ಅದಕ್ಕೆ ನೆಲದ ಮೇಲೆ ಬ್ಯಾಟರಿಯ ಅಲಾರಂ ಒಂದನ್ನು ಇಟ್ಟಿದ್ದಾರೆ, ನೀರು ತಾಗಿದರೆ ಕೂಗುತ್ತದೆ. ಮೆಷಿನ್ ಕಾಯಲು ಪಂಪು, ಪಂಪು ಕಾಯಲು ಅಲಾರಂ. ಅಲಾರಮ್ಮಿನ ಬ್ಯಾಟರಿ ಕಾಯುವವಳು ಸದ್ಯಕ್ಕೆ ನಾನು.

*

ಹಗಲಿರುಳು ಓಡುವ ಮೆಷಿನ್ ಅಂದಮೇಲೆ ಇನ್ನೊಂದು ಭಯ. 2013ರಲ್ಲಿ ಬೆಂಕಿ ಹೊತ್ತುವ ಅಪಾಯವಿದೆಯೆಂದು ಈ ದೇಶದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಡಿಹ್ಯೂಮಿಡಿಫೈಯರುಗಳನ್ನು ವಾಪಸು ಕರೆದರು. ನೇರ ಗೋಡೆಯ ಪ್ಲಗ್ಗಿಗೇ ಹಾಕಬೇಕು, ಎಕ್ಸ್‌ಟೆನ್ಷನ್ ವೈರು ಕೂಡದು.

*

ಈ ಬೀದಿಯ ಬಹಳ ಮನೆಗಳಲ್ಲಿ ಬೇಸ್‌ಮೆಂಟಿನ ಮೂಲೆಗೊಂದು ಗುಂಡಿ ಇದೆ, ಪಾಯದ ಸುತ್ತಲಿನ ನೀರು ಅದಕ್ಕೆ ಬಸಿಯುತ್ತದೆ, ಪಂಪು ಹೊರಗೆ ಎಸೆಯುತ್ತದೆ. ಡಿಹ್ಯೂಮಿಡಿಫೈಯರ್ ಪೈಪನ್ನೂ ಅದಕ್ಕೇ ಬಿಟ್ಟವರಿದ್ದಾರೆ. ಎದುರು ಮನೆಯಲ್ಲಿ ಆ ಪಂಪಿನ ಪೈಪು ಗೋಡೆಯ ಬುಡದಲ್ಲೇ ಬಾಯಿ ಬಿಟ್ಟಿದೆ. ಗಾಳಿಯಿಂದ ತೆಗೆದ ನೀರು ಗುಂಡಿಗೆ, ಗುಂಡಿಯಿಂದ ಗೋಡೆ ಬುಡಕ್ಕೆ, ಅಲ್ಲಿಂದ ಮಣ್ಣಿಗೆ, ಮಣ್ಣಿನಿಂದ ಕಾಂಕ್ರೀಟಿಗೆ, ಮತ್ತೆ ಗಾಳಿಗೆ. ಕರೆಂಟು ಬಿಲ್ ಮಾತ್ರ ಮುಂದೆ ಹೋಗುತ್ತಿದೆ.

2014ರ ಆಗಸ್ಟ್ 11ರಂದು ಡೆಟ್ರಾಯಿಟಿನಲ್ಲಿ ನಾಲ್ಕೂವರೆ ಅಂಗುಲ ಮಳೆ ಬಂದು ಬೇಸ್‌ಮೆಂಟುಗಳೆಲ್ಲ ಮುಳುಗಿದ ಕತೆಯನ್ನು ಇಲ್ಲಿಯವರು ಈಗಲೂ ಹೇಳುತ್ತಾರೆ. ಆಗುಂಬೆಯವರಿಗೆ ಹೇಳಿದರೆ ಮಳೆಗಾಲದ ಮಾಮೂಲು ದಿನ ಎಂದಾರು. ಆದರೆ ಆಗುಂಬೆಯಲ್ಲಿ ಯಾರೂ ಗುಂಡಿ ತೋಡಿ ಅದರಲ್ಲಿ ಸೋಫಾ ಹಾಕುವುದಿಲ್ಲ.

*

ಸಿಂಕಿಗೆ ಹೋಗುವ ನೀರು ಕಂಡು ಹೊಟ್ಟೆ ಉರಿಯುತ್ತದೆ. ಕುಡಿಯಲು ಬಾರದು: ಬಟ್ಟಿ ಇಳಿಸಿದ ನೀರಿನಂತೆ ಕಂಡರೂ ಸುರುಳಿಯ ಲೋಹ, ಧೂಳು, ಪಾಚಿ ಎಲ್ಲ ಸೇರಿರುತ್ತದೆ. ಹೂಗಿಡಗಳಿಗೆ ಅಡ್ಡಿಯಿಲ್ಲ. ಮಂಗಳೂರಿನಲ್ಲಿ ಏಸಿ ನೀರಿನ ಕೊಳವೆಯ ಕೆಳಗೆ ಕ್ಯಾನು ಇಟ್ಟು ನೆಲ ಒರೆಸುವವರನ್ನು ನೋಡಿದ್ದೇನೆ. ಇಲ್ಲಿ ಕ್ಯಾನು ಇಟ್ಟರೆ ಮತ್ತೆ ಹೊರಬೇಕು. ಹೊರುವುದು ಬೇಡವೆಂದೇ ಇಷ್ಟೆಲ್ಲ ಮಾಡಿದ್ದು!

*

ಕೊಳವೆಯೊಳಗೆ ಕಂದು ಲೋಳೆ ಎಳೆಎಳೆಯಾಗಿ ಅಂಟಿದೆ. ವಿನಿಗರ್ ಹೊಯ್ದು ತೊಳೆಯಬೇಕು.

*

ಬಕೆಟ್ ಹೋದ ಮೇಲೆ ಒಂದು ತೊಡಕು. ಬೇಸ್‌ಮೆಂಟ್ ದಿನಕ್ಕೆಷ್ಟು ನೀರು ಕೊಡುತ್ತಿದೆ ಎಂಬುದು ಯಾರಿಗೂ ತಿಳಿಯದಂತಾಗಿದೆ. ಹೊರುವಾಗ ಬೈದುಕೊಂಡರೂ ಅಳಿಯಂದಿರಿಗೆ ಲೆಕ್ಕವಿತ್ತು: ಇವತ್ತು ಎರಡು, ನಿನ್ನೆ ಒಂದೂವರೆ. ಈಗ ಪಂಪು ಗುರ್ರೆನ್ನುತ್ತದೆ, ಯಾರೂ ಎಣಿಸುವುದಿಲ್ಲ.

ನೀರು ಗಾಳಿಯದೋ ಮಣ್ಣಿನದೋ ತಿಳಿಯಲು ಒಂದು ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಬರಿ ಕಾಂಕ್ರೀಟಿನ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪು ಬಡಿದು ಹದಿನಾರು ಗಂಟೆಯಾದರೂ ಬಿಡಬೇಕು. ಹಾಳೆಯ ಮೇಲೆ ಹನಿಯಾದರೆ ಗಾಳಿಯ ನೀರು, ಕೆಳಗಾದರೆ ನೆಲದ್ದು. ಮೋರಿಬಾಯಿಯ ಹತ್ತಿರ ಹಾಸಿದ ಹಾಳೆ ಒಣಗಿಯೇ ಇತ್ತು. ಆಚೆ ಮೂಲೆಯದರ ಅಡಿಯಲ್ಲಿ ಮಾತ್ರ ಸಣ್ಣ ಸಣ್ಣ ಹನಿ, ಕಾಂಕ್ರೀಟು ಅಷ್ಟು ಜಾಗಕ್ಕೆ ಕಪ್ಪಾಗಿದೆ.

ಹೊರಗೆ ಹೋಗಿ ಅದೇ ಮೂಲೆ ನೋಡಿದರೆ, ಮಾಡಿನ ನೀರೆಲ್ಲ ಇಳಿಯುವ ದೋಣಿಯ ಪೈಪು ಸರಿಯಾಗಿ ಅಲ್ಲೇ ಗೋಡೆ ಬುಡಕ್ಕೆ ಬಾಯಿ ಮಾಡಿ ನಿಂತಿದೆ. ಅಂಗಡಿಯಿಂದ ಮಡಿಕೆ ಮಡಿಕೆಯಾಗಿ ಹಿಗ್ಗುವ ಪೈಪು ತಂದು ಆರಡಿ ಆಚೆ ಹುಲ್ಲಿಗೆ ಬಿಟ್ಟಿದ್ದಾಯಿತು. ಆಮೇಲೆ ಒಂದು ಭಾನುವಾರ ಅಳಿಯಂದಿರೇ ಮೆಷಿನ್ನಿನ ಪೈಪು ಬಿಚ್ಚಿ ಬಕೆಟ್ ಹಾಕಿದರು, ಅಳೆಯೋಣ ಎಂದು. ರಾತ್ರಿಯ ಹೊತ್ತಿಗೆ ಅರ್ಧವೂ ತುಂಬಿರಲಿಲ್ಲ. ಪೈಪಿನ ಫಲವೆನ್ನುತ್ತೇನೆ ನಾನು. ಆ ವಾರ ಉತ್ತರದ ಒಣಗಾಳಿ ಬೀಸಿತ್ತು, ಒಳ್ಳೆ ಮಳೆಯಾದ ಮೇಲೆ ಇನ್ನೊಮ್ಮೆ ಅಳೆಯದೆ ಒಪ್ಪುವುದಿಲ್ಲ ಎನ್ನುತ್ತಾರೆ ಅವರು.