ಸಕ್ಕರೆ ಇಳಿದ ಹೊತ್ತಿನ ರಕ್ತ

ಬೆಳ್ತಂಗಡಿಯ ನಮ್ಮ ದೊಡ್ಡಮ್ಮನಿಗೆ ಏಕಾದಶಿ ಉಪವಾಸದ ಮರುದಿನ ಬೆಳಗ್ಗೆ ವಿಚಿತ್ರ ತೊಂದರೆ. ಮೈಯೆಲ್ಲ ಬೆವರು, ಮಾತು ತೊದಲು, ಎದುರು ನಿಂತ ಮಗನನ್ನೇ "ನೀವು ಯಾರು?" ಅಂತ ಕೇಳುವುದು. ಒಂದು ಲೋಟ ಬೆಲ್ಲದ ನೀರು ಕುಡಿಸಿದರೆ ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ಸರಿ! ಕೆಲವರು ಅಪಸ್ಮಾರ ಅಂದರು, ಕೆಲವರು ದೈವದ ಉಪದ್ರ ಅಂದರು.

ಬಂಟ್ವಾಳದಲ್ಲೂ ಮೂಡುಬಿದಿರೆಯಲ್ಲೂ ರಕ್ತಪರೀಕ್ಷೆ ಮಾಡಿಸಿದ್ದಾಯಿತು. ಎಲ್ಲ ನಾರ್ಮಲ್. ಆಗದೆ ಏನು? ತಿಂಡಿ ತಿಂದೇ ಬಸ್ಸು ಹತ್ತುತ್ತಿದ್ದರಲ್ಲ! ನಮ್ಮ ಸಾಫ್ಟ್‌ವೇರ್‌ನಲ್ಲೂ ಇಂಥ ಬಗ್‌ಗಳಿವೆ. ನಾವು ನೋಡಲು ಕೂತಾಗ ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತದೆ. ತೊಂದರೆ ಆದ ಹೊತ್ತಿನ ಲಾಗ್ ಸಿಗದೆ ಏನೂ ಗೊತ್ತಾಗುವುದಿಲ್ಲ.

ದೊಡ್ಡಪ್ಪನಿಗೆ ಡಯಾಬಿಟಿಸ್ ಇರುವುದರಿಂದ ಮನೆಯಲ್ಲಿ ಗ್ಲುಕೋಮೀಟರ್ ಇತ್ತು. ಒಂದು ಬೆಳಗ್ಗೆ ಅಣ್ಣ, ಬೆಲ್ಲದ ನೀರು ಕೊಡುವ ಮೊದಲು ಅಮ್ಮನ ಬೆರಳು ಚುಚ್ಚಿ ನೋಡಿದ. ಸಕ್ಕರೆ ಬರೀ 38!

ಮಂಗಳೂರಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಯಾರಾದರೂ ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ತಾರಾ?" ಮಾತ್ರೆಗಳನ್ನು ಡಬ್ಬಿಗೆ ತುಂಬಿಸಿಡುವವಳು ಅತ್ತಿಗೆ. ಅಷ್ಟು ಸಾಕಾಯಿತು ನೋಡಿ... ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಆದರೆ ಅತ್ತಿಗೆ ಕೊಟ್ಟ ಕಾಫಿಯನ್ನೂ ಅನುಮಾನದಿಂದ ನೋಡುವವರು ಹುಟ್ಟಿಕೊಂಡರು.

ಆಸ್ಪತ್ರೆಯಲ್ಲಿ ಉಪವಾಸದ ಪರೀಕ್ಷೆ ಶುರುವಾಯಿತು. ಹೆಚ್ಚೆಂದರೆ 72 ಗಂಟೆ ಊಟವಿಲ್ಲ, ನೀರು ಕುಡಿಯಬಹುದು. ಆಗಾಗ ರಕ್ತ ತೆಗೆಯುತ್ತಾರೆ. ದೊಡ್ಡಮ್ಮನಿಗೆ 20 ಗಂಟೆಗೇ ಸಕ್ಕರೆ 41ಕ್ಕೆ ಇಳಿದು ಮಾತು ತೊದಲಿತು. ತಕ್ಷಣ ರಕ್ತ ತೆಗೆದು ಗ್ಲುಕೋಸ್ ಕೊಟ್ಟರು.

ಸಕ್ಕರೆ ಅಷ್ಟು ಇಳಿದಾಗ ದೇಹ ಇನ್ಸುಲಿನ್ ಸುರಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಬೇಕು. ಇವರಲ್ಲಿ ನಿಂತಿರಲಿಲ್ಲ. ಅದು ಎಲ್ಲಿಂದ ಬಂತು ಅಂತ ಹೇಳುವುದು ಸಿ-ಪೆಪ್ಟೈಡ್. ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವಾಗ ಪ್ರೋಇನ್ಸುಲಿನ್ ಅನ್ನುವ ದೊಡ್ಡ ಅಣು ತುಂಡಾಗಿ ಎರಡೂ ಹೊರಬರುತ್ತವೆ. ಚುಚ್ಚಿಕೊಂಡ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ದೊಡ್ಡಮ್ಮನ ರಕ್ತದಲ್ಲಿ ಎರಡೂ ಜಾಸ್ತಿ ಇದ್ದವು. ಆದರೆ ಗ್ಲಿಮಿಪಿರೈಡ್‌ನಂಥ ಮಾತ್ರೆಯೂ ಎರಡನ್ನೂ ಏರಿಸುತ್ತದೆ. ಹಾಗಾಗಿ ಅದೇ ಹೊತ್ತಿನ ರಕ್ತದಲ್ಲಿ ಮಾತ್ರೆಯ ಅಂಶ ಇದೆಯಾ ಅಂತಲೂ ಹುಡುಕಿದರು. ಇರಲಿಲ್ಲ!

ಅಂದರೆ ಇನ್ಸುಲಿನೋಮಾ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಂದ ನಾಲ್ವರಿಗೆ ಬರುವ, ಬಹುಪಾಲು ಕ್ಯಾನ್ಸರ್ ಅಲ್ಲದ ಸಣ್ಣ ಗಂಟು. ಸಿಟಿ ಸ್ಕ್ಯಾನಿನಲ್ಲಿ ಕಾಣಲಿಲ್ಲ. ಕೊನೆಗೆ ತೊಡೆಸಂದಿಯಿಂದ ಸಪೂರ ನಳಿಗೆ ತೂರಿಸಿ, ಗ್ರಂಥಿಯ ಬೇರೆಬೇರೆ ಭಾಗಕ್ಕೆ ಹೋಗುವ ರಕ್ತನಾಳಗಳಿಗೆ ಒಂದೊಂದಾಗಿ ಕ್ಯಾಲ್ಸಿಯಂ ಕೊಟ್ಟರು. ಪ್ರತಿ ಸಲವೂ ಪಿತ್ತಜನಕಾಂಗದಿಂದ ಹೊರಡುವ ರಕ್ತವನ್ನು ಕೆಲವು ಸೆಕೆಂಡಿಗೊಮ್ಮೆ ತೆಗೆದು ಪರೀಕ್ಷಿಸಿದರು. ಗುಲ್ಮದ ಕಡೆ ಹೋಗುವ ನಾಳಕ್ಕೆ ಕೊಟ್ಟಾಗ ಇನ್ಸುಲಿನ್ ದುಪ್ಪಟ್ಟಿಗಿಂತ ಮೇಲೆ ಹಾರಿತು. ಗಂಟು ಗ್ರಂಥಿಯ ಬಾಲದ ಕಡೆ ಇದೆ ಅಂತ ಹೇಳಿದರು, ಆಪರೇಷನ್‌ನಲ್ಲಿ ಅಲ್ಲೇ ಸಿಕ್ಕಿತು. ಗಾತ್ರ ಒಂದೂವರೆ ಸೆಂಟಿಮೀಟರ್!

ದೊಡ್ಡಮ್ಮ ಈಗ ಆರಾಮ. ನನಗೆ ಮಾತ್ರ ಆ ಮಾತ್ರೆಯ ರಿಪೋರ್ಟೇ ದೊಡ್ಡದಾಗಿ ಕಾಣುತ್ತದೆ. ಅದೊಂದು ಮಾಡಿಸದಿದ್ದರೆ ಗಂಟು ಸಿಗುವ ತನಕ ಅತ್ತಿಗೆ ತಲೆ ಎತ್ತುವಂತಿರಲಿಲ್ಲ.

ನಿಮ್ಮ ಮನೆಯಲ್ಲೂ ಹೊಟ್ಟೆ ಖಾಲಿ ಇದ್ದಾಗ ಯಾರಾದರೂ ಹೀಗೆ ಮಂಕಾದರೆ, ಆ ಹೊತ್ತಿಗೇ ಸಕ್ಕರೆ ನೋಡಿ, ಬರೆದಿಡಿ. ಮೀಟರ್ ಹುಡುಕುತ್ತಾ ಸಿಹಿ ಕೊಡುವುದನ್ನು ಮಾತ್ರ ತಡ ಮಾಡಬೇಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಉಪವಾಸದ ಪರೀಕ್ಷೆಯನ್ನಂತೂ ಮನೆಯಲ್ಲಿ ಮಾಡಲೇಬೇಡಿ.