ಗಾಡಿ ಕಟ್ಟುವ ಕೈ

ಹಾನಗಲ್ಲಿನ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ತಗಡಿನ ಚಾವಣಿಯ ಒಂದು ಗ್ಯಾರೇಜು ಸಿಗುತ್ತದೆ. ಹೆಸರಿನ ಬೋರ್ಡು ಇಲ್ಲ. ಬೇಕಾದವರಿಗೆ ದಾರಿ ಗೊತ್ತಿದೆ. ಸವಣೂರಿನ ಎಲೆ ವ್ಯಾಪಾರಿ, ಹಿರೇಕೆರೂರಿನ ಗೋವಿನಜೋಳದ ರೈತ, ಶಿಗ್ಗಾವಿಯ ನಿವೃತ್ತ ಗುಮಾಸ್ತ, ಹೀಗೆ ಸುತ್ತಲಿನ ತಾಲ್ಲೂಕುಗಳಲ್ಲಿ ಇನ್ನೂ ಉಸಿರಾಡುತ್ತಿರುವ ಹಳೆಯ ಜಾವಾ, ಯೆಜ್ಡಿಗಳ ಒಡೆಯರು ಇಲ್ಲಿಗೇ ಬರುತ್ತಾರೆ. ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ ಮೇಸ್ತ್ರಿ ತಲೆ ಎತ್ತದೆ ಹೇಳುತ್ತಾರೆ: “ಚೈನು ಸಡ್ಲ ಆಗೇತಿ. ಎಣ್ಣಿನೂ ಹೆಚ್ಚು ಹಾಕ್ಯಾರ.”

ಮೇಸ್ತ್ರಿಗೆ ಅರವತ್ತು ದಾಟಿದೆ. ಶಾಲೆ ಏಳನೆಯ ತರಗತಿಗೇ ಮುಗಿದಿತ್ತು. ಆದರೆ ಎಂಜಿನ್ನಿನ ಪಾಯಿಂಟುಗಳ ನಡುವಿನ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕೆಂಬುದು ಅವರ ಬೆರಳಿಗೆ ಗೊತ್ತು. ಫೀಲರ್ ಗೇಜ್ ಕೊಳ್ಳಲು ಹಣವಿಲ್ಲದ ಕಾಲದಲ್ಲಿ ದಪ್ಪ ಲಗ್ನಪತ್ರಿಕೆಯ ತುಂಡನ್ನೇ ಸಂದಿನಲ್ಲಿ ತೂರಿಸಿ ಅಳತೆ ಹಿಡಿದವರು ಅವರು.

ಅವರ ಒಬ್ಬನೇ ಮಗ ಎಸ್ಸೆಸ್ಸೆಲ್ಸಿ ನಂತರ ಐಟಿಐ ಸೇರಿ ವೆಲ್ಡರ್ ಕೆಲಸ ಕಲಿತ. ಬೆಂಗಳೂರಿನ ಕಡೆ, ಮೋಟಾರ್ ಸೈಕಲ್ಲಿನ ಚೌಕಟ್ಟು ಅಂದರೆ ಚಾಸಿ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಮೊದಲ ದೀಪಾವಳಿಗೆ ಊರಿಗೆ ಬಂದಾಗ ತಂದೆ ಕೇಳಿದರು: “ದಿನಕ್ಕ ಎಷ್ಟು ಚಾಸಿ ಬೆಸಿತೀಯೋ ತಮ್ಮಾ?”

ಮಗ ತಟ್ಟೆ ನೋಡುತ್ತ ಹೇಳಿದ: “ನಾ ಒಂದೂ ಬೆಸ್ಯಂಗಿಲ್ಲಪ್ಪಾ. ಬೆಸ್ಯಾಂವ ರೋಬೋಟ್. ನಾ ಕೊಳವಿ ಇಡ್ತೀನಿ, ಬಟನ್ ಒತ್ತತೀನಿ, ತೆಗೀತೀನಿ.”

ತಂದೆಗೆ ತುತ್ತು ಇಳಿಯಲಿಲ್ಲ. ಕಲಿತ ವಿದ್ಯೆಯನ್ನು ಯಂತ್ರ ಮಾಡುವುದು, ಕಲಿತವನು ಅದರ ಮುಂದೆ ಕೂಲಿಯಂತೆ ನಿಲ್ಲುವುದು ಎಂದರೇನು? ಸಾಲ ಮಾಡಿ ಮಕ್ಕಳನ್ನು ಓದಿಸುವ ಎಷ್ಟೋ ಮನೆಗಳಲ್ಲಿ ಇಂದು ಕೇಳುತ್ತಿರುವ ಪ್ರಶ್ನೆಯೇ ಇದು.

ಉತ್ತರ ಹುಡುಕುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೇಸ್ತ್ರಿ ಜೀವಮಾನವಿಡೀ ಬಿಚ್ಚಿ ಜೋಡಿಸಿದ ಗಾಡಿಗಳು ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ. 1960ರ ದಶಕದ ಆರಂಭದಲ್ಲಿ, ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹದೊಂದಿಗೆ, ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆ ಎತ್ತಿತು. ವಿನ್ಯಾಸ ಬಂದದ್ದು ಜೆಕೊಸ್ಲೊವಾಕಿಯದಿಂದ. ಅಲ್ಲಿ 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ವಿನ್ಯಾಸ ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ‘ಜಾವಾ’ ಎಂದು ಕರೆದಿದ್ದ. ಮುಂದೆ 1970ರ ದಶಕದಲ್ಲಿ ಮೈಸೂರಿನ ಗಾಡಿ ‘ಯೆಜ್ಡಿ’ ಎಂಬ ತನ್ನದೇ ಹೆಸರು ಪಡೆಯಿತು. ಕಿಕ್ ಹೊಡೆಯುವ ಸನ್ನೆಯನ್ನೇ ಮಡಚಿದರೆ ಗೇರಿನ ಸನ್ನೆ ಆಗುತ್ತಿತ್ತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ. ಮುಖ್ಯವಾಗಿ ಚಲಿಸುವ ಭಾಗಗಳು ಪಿಸ್ಟನ್, ಕನೆಕ್ಟಿಂಗ್ ರಾಡ್ ಮತ್ತು ಕ್ರ್ಯಾಂಕ್ ಮೂರೇ. ಹೆಚ್ಚು ಓದದ ಮೇಸ್ತ್ರಿಯೂ ಅದನ್ನು ಪೂರ್ತಿ ಅರ್ಥ ಮಾಡಿಕೊಳ್ಳಬಹುದಾಗಿತ್ತು.

ಅಂದಿನ ಕಾರ್ಖಾನೆಗಳಲ್ಲಿ ಯಂತ್ರಗಳಿದ್ದವು, ಆದರೆ ಯಂತ್ರದ ಹಿಂದೆ ಪ್ರತಿ ಹಂತದಲ್ಲೂ ಕೈ ಇತ್ತು. ಕೊಳವೆ ಬೆಸೆಯುವ ಕೈ, ಟ್ಯಾಂಕಿಗೆ ಬಣ್ಣ ಸಿಂಪಡಿಸುವ ಕೈ, ಗಾಲಿಯ ಕಡ್ಡಿ ಹೆಣೆದು ಬೆಂಡು ತೆಗೆಯುವ ಕೈ. ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಅದಕ್ಕೆ ಕಷ್ಟ ತಂದದ್ದು ರೋಬೋಟ್ ಅಲ್ಲ. 1980ರ ದಶಕದಲ್ಲಿ ಜಪಾನಿನ ಸಹಯೋಗದಿಂದ ಬಂದ, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುವ 100 ಸಿಸಿ ಗಾಡಿಗಳ ಪೈಪೋಟಿ ಒಂದು ಕಡೆ. ಹೊಗೆಯ ಮೇಲೆ ಬಿಗಿಯಾಗುತ್ತ ಬಂದ ಕಾನೂನು ಇನ್ನೊಂದು ಕಡೆ.

‘ರೋಬೋಟ್’ ಎಂಬ ಶಬ್ದ ಕೂಡ ಜಾವಾದ ನಾಡಿನಿಂದಲೇ ಬಂದದ್ದೆಂದರೆ ಆಶ್ಚರ್ಯವಾಗಬಹುದು. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ನಾಟಕದಲ್ಲಿ, ಮನುಷ್ಯನ ದುಡಿಮೆಗೆಂದು ತಯಾರಿಸಿದ ಕೃತಕ ಆಳುಗಳಿಗೆ ಆ ಹೆಸರಿಟ್ಟ. ಶಬ್ದ ಸೂಚಿಸಿದವನು ಅವನ ಅಣ್ಣ ಜೋಸೆಫ್. ಜೆಕ್ ಭಾಷೆಯಲ್ಲಿ ‘ರೊಬೊಟಾ’ ಎಂದರೆ ಒಡೆಯನಿಗೆ ಮಾಡಬೇಕಾದ ಬಿಟ್ಟಿ ಚಾಕರಿ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ‘ಯುನಿಮೇಟ್’ ಎಂಬ ಯಂತ್ರದ ತೋಳು ಕೆಲಸಕ್ಕೆ ಸೇರಿತು. ಅದಕ್ಕೆ ವಹಿಸಿದ್ದು, ಅಚ್ಚಿನಿಂದ ಹೊರಬಂದ ಕುದಿಬಿಸಿಯ ಲೋಹದ ತುಂಡುಗಳನ್ನು ಎತ್ತಿಡುವ ಕೆಲಸ. ಮನುಷ್ಯನ ಕೈ ಸುಡುವ ಜಾಗ ಅದು.

ಈಗಿನ ಕಾರ್ಖಾನೆಯಲ್ಲಿ ಮೋಟಾರ್ ಸೈಕಲ್ ಹೇಗೆ ಹುಟ್ಟುತ್ತದೆ? ಮೊದಲು ಉಕ್ಕಿನ ಕೊಳವೆಗಳನ್ನು ಬಗ್ಗಿಸಿ, ‘ಜಿಗ್’ ಎಂಬ ಬಿಗಿ ಚೌಕಟ್ಟಿನಲ್ಲಿ ಅಲುಗಾಡದಂತೆ ಹಿಡಿದಿಡುತ್ತಾರೆ. ಆರು ಕೀಲುಗಳ ರೋಬೋಟ್ ತೋಳು ಬಂದು ಬೆಸೆಯುತ್ತದೆ. ಒಂದೇ ಜಾಗಕ್ಕೆ ಸಾವಿರ ಸಲ ಹೋದರೂ ಅದರ ತಪ್ಪು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದೊಳಗೇ. ಬೆಳಗಿನ ಪಾಳಿ, ರಾತ್ರಿಯ ಪಾಳಿ ಎಂಬ ಭೇದ ಅದಕ್ಕಿಲ್ಲ. ಬೆಸೆದ ಚೌಕಟ್ಟನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುತ್ತಾರೆ. ವಿರುದ್ಧ ವಿದ್ಯುದಂಶಗಳು ಒಂದನ್ನೊಂದು ಆಕರ್ಷಿಸುತ್ತವೆ ಎಂದು ಮಕ್ಕಳು ಓದುವ ಪಾಠ ಅಲ್ಲಿ ಕೆಲಸಕ್ಕೆ ಬರುತ್ತದೆ. ಬಣ್ಣದ ಕಣಗಳು ಕೊಳವೆಯ ಸಂದುಗೊಂದುಗಳಿಗೂ ಹೋಗಿ ಅಂಟುತ್ತವೆ. ಟ್ಯಾಂಕಿಗೆ ಮೇಲ್ಬಣ್ಣ ಸಿಂಪಡಿಸುವಲ್ಲಿಯೂ ಅನೇಕ ಕಡೆ ರೋಬೋಟ್ ಬಂದಿದೆ. ಥಿನ್ನರಿನ ಆವಿ ಕುಡಿಯುತ್ತ ಪುಪ್ಪುಸ ಕೆಡಿಸಿಕೊಳ್ಳುವ ಆ ಕೆಲಸ ಮನುಷ್ಯನಿಂದ ತಪ್ಪಿದ್ದು ಒಳ್ಳೆಯದೇ.

ಆದರೆ ಕೊನೆಯ ಜೋಡಣೆಯ ಸಾಲಿಗೆ ಬಂದರೆ ಅಲ್ಲಿ ಇಂದಿಗೂ ಮನುಷ್ಯರೇ ಹೆಚ್ಚು. ವೈರಿನ ಗೊಂಚಲನ್ನು ಟ್ಯಾಂಕಿನಡಿ ಎಳೆದು ಕಟ್ಟುವುದು, ಬ್ರೇಕಿನ ಕೇಬಲ್ ಸಿಕ್ಕಿಸುವುದು, ರಬ್ಬರ್ ಪೈಪು ಒತ್ತಿ ಕೂಡಿಸುವುದು, ಇವೆಲ್ಲ ಕೈಕೆಲಸವೇ. ಉಕ್ಕು ಇಟ್ಟಲ್ಲೇ ಇರುತ್ತದೆ. ವೈರು ಮತ್ತು ರಬ್ಬರು ಪ್ರತಿ ಸಲ ಬೇರೆ ರೀತಿ ಬಾಗುತ್ತವೆ. ಯಂತ್ರಕ್ಕೆ ಕಷ್ಟವಾದ ಇದು ನಮ್ಮ ಬೆರಳಿಗೆ ಸಲೀಸು.

ವೇಗ ಎಷ್ಟಿರುತ್ತದೆ? ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ 2013ರಲ್ಲಿ ಆರಂಭವಾಯಿತು. 2017ರಲ್ಲಿ ನಾಲ್ಕನೆಯ ಜೋಡಣೆ ಸಾಲು ಸೇರಿದಾಗ ಅದರ ಸಾಮರ್ಥ್ಯ ವರ್ಷಕ್ಕೆ 24 ಲಕ್ಷ ವಾಹನಗಳಾಯಿತು. ವರ್ಷಕ್ಕೆ 300 ದಿನ, ದಿನಕ್ಕೆ 16 ತಾಸು ಕೆಲಸವೆಂದು ಹಿಡಿಯೋಣ. ದಿನಕ್ಕೆ 8,000, ಸಾಲಿಗೆ 2,000. 16 ತಾಸು ಎಂದರೆ 57,600 ಸೆಕೆಂಡು. ಭಾಗಿಸಿದರೆ ಒಂದೊಂದು ಸಾಲಿನಿಂದ ಸುಮಾರು 29 ಸೆಕೆಂಡಿಗೊಂದು ವಾಹನ! ಹಾನಗಲ್ಲಿನ ಮೇಸ್ತ್ರಿ ಒಂದು ಪ್ಲಗ್ಗು ಬಿಚ್ಚಿ, ಒರೆಸಿ, ನೋಡುವಷ್ಟರಲ್ಲಿ ಅಲ್ಲೊಂದು ಗಾಡಿ ಹೊರಗೆ ಬಂದಿರುತ್ತದೆ.

ಈ ವೇಗದ ನಡುವೆ ಮೇಸ್ತ್ರಿಯ ಮಗನಿಗೆ ಏನಾಯಿತೆಂಬುದು ಮುಖ್ಯ. ಒಂದು ರಾತ್ರಿಯ ಪಾಳಿ. ಎದುರಿಗೆ ರೋಬೋಟ್ ಎಂದಿನಂತೆ ಬೆಸೆಯುತ್ತಿತ್ತು. ಅವನ ಕಿವಿಗೆ ಏನೋ ಬೇರೆ ಕೇಳಿಸಿತು. ಒಳ್ಳೆಯ ಬೆಸುಗೆಗೆ ಒಂದು ಸದ್ದಿದೆ, ಕಾದ ಎಣ್ಣೆಯಲ್ಲಿ ಮಿರ್ಚಿ ಬಿಟ್ಟಾಗ ಬರುವಂಥ ಒಂದೇ ಸಮನೆಯ ಚುರುಚುರು. ಅಂದು ಅದು ಒಡೆದೊಡೆದು ಬರುತ್ತಿತ್ತು. ಕೆಂಪು ದೀಪ ಹತ್ತಿರಲಿಲ್ಲ. ಗಂಟೆ ಬಾರಿಸಿರಲಿಲ್ಲ. ಗುತ್ತಿಗೆಯ ಹುಡುಗ ಸಾಲು ನಿಲ್ಲಿಸುವುದೆಂದರೆ ಅನ್ನಕ್ಕೆ ಕಲ್ಲು ಹಾಕಿಕೊಂಡಂತೆ. ಆದರೂ ಅವನು ಕೆಂಪು ಗುಂಡಿ ಒತ್ತಿಬಿಟ್ಟ.

ಮೇಲ್ವಿಚಾರಕರು ಓಡಿ ಬಂದು ಕೂಗಾಡಿದರು. ಬೆಸುಗೆ ಮೇಲಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಒಂದು ಚೌಕಟ್ಟನ್ನು ಕೊಯ್ದು ನೋಡಿದಾಗ ಒಳಗೆ ಸೂಜಿಮೊನೆಯಂಥ ರಂಧ್ರಗಳು. ಬೆಸೆಯುವಾಗ ಕರಗಿದ ಉಕ್ಕಿಗೆ ಗಾಳಿ ತಾಗದಂತೆ ಸುತ್ತಲೂ ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲದ ಹೊದಿಕೆ ಕೊಡುತ್ತಾರೆ. ಆ ಅನಿಲದ ಪೈಪು ಎಲ್ಲೋ ಸಡಿಲವಾಗಿತ್ತು. ಗಾಳಿ ಒಳನುಗ್ಗಿ, ಲೋಹ ಗಟ್ಟಿಯಾಗುವಾಗ ಗುಳ್ಳೆಗಳು ಅಲ್ಲೇ ಸಿಕ್ಕಿಕೊಂಡಿದ್ದವು. ಆ ಪಾಳಿಯಲ್ಲಿ ಬೆಸೆದ ಚೌಕಟ್ಟುಗಳನ್ನೆಲ್ಲ ಬದಿಗಿರಿಸಿದರು. ಅಂಥದೊಂದು ಗಾಡಿಯ ಮೇಲೆ ಗಂಡ, ಹೆಂಡತಿ, ನಡುವೆ ಮಗು ಕುಳಿತು ಹೋಗುವಾಗ ಚೌಕಟ್ಟು ಬಿರಿದಿದ್ದರೆ?

ಕೆಲವು ದಿನಗಳ ನಂತರ ಅವನನ್ನು ರೋಬೋಟಿಗೆ ಪಾಠ ಹೇಳುವ ವಿಭಾಗಕ್ಕೆ ಹಾಕಿದರು. ಹೌದು, ರೋಬೋಟಿಗೂ ಗುರು ಬೇಕು. ಮೂತಿ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಷ್ಟು ಓರೆ ಹಿಡಿಯಬೇಕು, ಎಷ್ಟು ನಿಧಾನವಾಗಿ ಸಾಗಬೇಕು, ಎಲ್ಲವನ್ನೂ ಬೆಸುಗೆ ಬಲ್ಲವನು ಹೇಳಿಕೊಡಬೇಕು. ನಾರ್ವೆಯಲ್ಲಿ ಟ್ರಾಲ್ಫಾ ಎಂಬ ಕಂಪನಿ 1960ರ ದಶಕದಲ್ಲಿ ತಾನು ತಯಾರಿಸುವ ಕೈಗಾಡಿಗಳಿಗೆ ಬಣ್ಣ ಹೊಡೆಯಲು ರೋಬೋಟ್ ಮಾಡಿದಾಗ, ಅನುಭವಿ ಪೇಂಟರ್ ಒಬ್ಬ ಅದರ ತೋಳು ಹಿಡಿದು ಒಮ್ಮೆ ಬಣ್ಣ ಹೊಡೆದು ತೋರಿಸುತ್ತಿದ್ದ. ಯಂತ್ರ ಅದನ್ನೇ ನೆನಪಿಟ್ಟುಕೊಂಡು ಮಾಡುತ್ತಿತ್ತು. ಸ್ಲೇಟಿನ ಮೇಲೆ ಮಗುವಿನ ಕೈ ಹಿಡಿದು ‘ಅ’ ತಿದ್ದಿಸಿದ ಹಾಗೆ.

ಈ ಹೊಸ ಕೆಲಸದಲ್ಲಿ ಹುಡುಗನಿಗೆ ಕಷ್ಟವಾದದ್ದು ಬೆಸುಗೆಯಲ್ಲ, ಗಣಿತ. ಮೂತಿಯ ಜಾಗವನ್ನು ಎಕ್ಸ್, ವೈ, ಝಡ್ ಎಂಬ ಮೂರು ಅಂಕಿಗಳಿಂದ, ಅದರ ಓರೆಯನ್ನು ಇನ್ನು ಮೂರರಿಂದ ಹೇಳಬೇಕು. ‘ಇದರಿಂದ ಏನು ಉಪಯೋಗ’ ಎಂದು ಹತ್ತನೆಯ ತರಗತಿಯಲ್ಲಿ ಬದಿಗೆ ಸರಿಸಿದ್ದ ನಿರ್ದೇಶಾಂಕಗಳ ಪಾಠವನ್ನು ಅವನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ತೆರೆದ. ಕಿವಿ ತಂದೆಯಿಂದ ಬಂದಿತ್ತು. ಲೆಕ್ಕವನ್ನು ತಾನೇ ದುಡಿದು ಸಂಪಾದಿಸಬೇಕಾಯಿತು. ಎರಡರಲ್ಲಿ ಒಂದಿಲ್ಲದಿದ್ದರೂ ಅವನು ಬಟನ್ ಒತ್ತುವಲ್ಲೇ ನಿಂತಿರುತ್ತಿದ್ದ.

ಹಾಗೆಂದು ಎಲ್ಲವೂ ಸುಖಾಂತವಲ್ಲ. ಅವನ ಜೊತೆ ಸೇರಿದ್ದ ಹುಡುಗರಲ್ಲಿ ಕೆಲವರು ಗುತ್ತಿಗೆ ಮುಗಿದು ಊರಿಗೆ ಮರಳಿದರು. ಹತ್ತು ಜನ ಬೆಸೆಯುತ್ತಿದ್ದಲ್ಲಿ ಈಗ ಇಬ್ಬರು ಸಾಕು ಎಂದು ಅವನೇ ಹೇಳುತ್ತಾನೆ. ಆ ಎಂಟು ಮನೆಗಳ ಮಾತನ್ನು ಮರೆತು ಯಂತ್ರವನ್ನು ಹೊಗಳುವುದು ನ್ಯಾಯವಲ್ಲ. ಪಾಲಕರು ಮಾಡಬಹುದಾದದ್ದು ಇಷ್ಟೇ: ಮಗ ಅಥವಾ ಮಗಳು ಕೈಕೆಲಸ ಕಲಿಯುತ್ತೇನೆಂದರೆ ಅದನ್ನು ಕೀಳೆಣಿಸಬಾರದು, ಕೈಕೆಲಸ ಕಲಿತರೆ ಸಾಕು, ಗಣಿತ ಏಕೆ ಎಂದೂ ಅನ್ನಬಾರದು. 2022ರಲ್ಲಿ ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೆ ಏರಿಸಿದಾಗ ರೋಬೋಟ್ ತಂತ್ರಜ್ಞಾನದ ಕಲಿಕೆಯೂ ಅಲ್ಲಿಗೆ ಬಂತು. ಮಕ್ಕಳನ್ನು ಸೇರಿಸುವ ಮೊದಲು ಹತ್ತಿರದ ಸಂಸ್ಥೆಯಲ್ಲಿ ಏನೇನು ಕಲಿಸುತ್ತಾರೆ ಎಂದು ಹೋಗಿ ಕೇಳುವುದು ಒಳ್ಳೆಯದು.

ಮರುವರ್ಷದ ದೀಪಾವಳಿಗೆ ತಂದೆ ಮಗ ಇಬ್ಬರೂ ಸಂಜೆ ತಾರಕೇಶ್ವರ ಗುಡಿಗೆ ಹೋದರು. ಕಲ್ಯಾಣದ ಚಾಲುಕ್ಯರ ಕಾಲದ ಆ ಗುಡಿಯ ಮಂಟಪದ ಕಂಬಗಳು ನುಣುಪಾಗಿ, ಬಳೆ ಬಳೆಯಾಗಿ ಹೊಳೆಯುತ್ತವೆ. ಅಂಥ ಕಂಬಗಳನ್ನು ಕಲ್ಲನ್ನು ತಿರುಗಿಸುತ್ತ ಕಡೆದು ಮಾಡಿದ್ದೆಂದು ತಿಳಿದವರು ಹೇಳುತ್ತಾರೆ. ಅಂದರೆ ಅಂದಿಗೇ ಒಂದು ಬಗೆಯ ಲೇತು ಇತ್ತು. ಆದರೆ ಮೇಲೆ ಚಾವಣಿಯಲ್ಲಿ ಅರಳಿರುವ ಕಮಲ ಉಳಿಯಿಂದ ಕೆತ್ತಿದ್ದು.

ಮಗ ಕಂಬದ ಮೇಲೆ ಕೈಯಾಡಿಸಿ ಹೇಳಿದ: “ನೋಡಪ್ಪಾ, ಇದೂ ಯಂತ್ರದ್ದ ಕೆಲಸ.”

ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ಹೌದು ತಮ್ಮಾ. ಆದ್ರ ಉಳಿ ಎಲ್ಲಿ ತನಕ ಹಿಡೀಬೇಕು ಅನ್ನೂದು ಆ ಯಂತ್ರಕ್ಕ ಗೊತ್ತಿರಲಿಲ್ಲ. ಹಿಡದಾಂವಗ ಗೊತ್ತಿತ್ತು.”

ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಹಿರೇಕೆರೂರಿನ ಯೆಜ್ಡಿಯೊಂದು ಬಂದಿತ್ತು. ರಜೆಯಲ್ಲಿ ಕೆಲಸ ಕಲಿಯಲು ಬರುವ ಒಂಬತ್ತನೆಯ ತರಗತಿಯ ಹುಡುಗ ಪಾಯಿಂಟಿನ ಮುಚ್ಚಳ ಬಿಚ್ಚಿದ. ಮೇಸ್ತ್ರಿ ಅವನ ಕೈಗೆ ಫೀಲರ್ ಗೇಜ್ ಕೊಟ್ಟು, ಅದರ ಮೇಲೆ ಬರೆದ ಅಂಕಿಯನ್ನು ಗಟ್ಟಿಯಾಗಿ ಓದಿಸಿದರು. ಸಂದು ಸರಿಮಾಡಿ ಎಂಜಿನ್ ಚಾಲೂ ಮಾಡಿದ ಮೇಲೆ ಹೇಳಿದರು: “ಈಗ ಕಣ್ಣ ಮುಚ್ಚು. ಏನ ಕೇಳಸ್ತೈತಿ, ಹೇಳು.”