ಮೊಮ್ಮಗಳ ಕುರ್ಚಿಯೊಡನೆ ಡೆನ್ವರಿಗೆ

ಕೈಗೂಸನ್ನು ಕಟ್ಟಿಕೊಂಡು ದೂರ ಪ್ರಯಾಣ ಮಾಡುವುದು ಹೊರನಾಡಿನಲ್ಲಿ ನೆಲೆಸಿದ ನಮಗೆ ಹೊಸದೇನೂ ಅಲ್ಲ. ಬಾಣಂತನ ಮುಗಿಸಿಕೊಂಡು ತವರಿನಿಂದ ಮುಂಬಯಿಗೋ ಪುಣೆಗೋ ಹಿಂದಿರುಗುವ ತಾಯಂದಿರನ್ನು ರೈಲಿನಲ್ಲಿ ಎಲ್ಲರೂ ಕಂಡಿದ್ದೇವೆ. ಮೇಲಿನ ಬರ್ತುಗಳ ನಡುವೆ ಹಳೆಯ ಸೀರೆಯೊಂದನ್ನು ಬಿಗಿದರೆ ತೊಟ್ಟಿಲಾಯಿತು. ರೈಲೇ ಅದನ್ನು ತೂಗುತ್ತದೆ. ಆದರೆ ಈಗ ನಮ್ಮಲ್ಲಿ ಅನೇಕರ ಮಕ್ಕಳು ಸಮುದ್ರದಾಚೆ ಸಂಸಾರ ಹೂಡಿದ್ದಾರೆ. ಅಲ್ಲಿಗೆ ಹೋದ ಅಜ್ಜ ಅಜ್ಜಿಯರು ಮೊಟ್ಟಮೊದಲು ಪರಿಚಯ ಮಾಡಿಕೊಳ್ಳಬೇಕಾದುದು ಮಗುವಿನ ಕಾರ್ ಸೀಟನ್ನು.

ನೋಡಿಲ್ಲದವರಿಗಾಗಿ ಹೇಳುತ್ತೇನೆ. ಅದೊಂದು ಗಟ್ಟಿ ಪ್ಲಾಸ್ಟಿಕ್ಕಿನ ಪುಟ್ಟ ಕುರ್ಚಿ, ಒಳಗೆಲ್ಲ ಮೆತ್ತೆ. ಎರಡು ಭುಜಗಳ ಮೇಲಿನಿಂದ ಎರಡು, ಸೊಂಟದ ಇಕ್ಕೆಲದಿಂದ ಎರಡು, ಕಾಲುಗಳ ನಡುವಿನಿಂದ ಒಂದು, ಹೀಗೆ ಐದು ಪಟ್ಟಿಗಳು ಬಂದು ಒಂದೇ ಬೀಗದಲ್ಲಿ ಕೂಡುತ್ತವೆ. ಅಮೆರಿಕದಲ್ಲಿ ಚಿಕ್ಕ ಮಕ್ಕಳನ್ನು ಕಾರಿನಲ್ಲಿ ಇದರಲ್ಲಿಯೇ ಕೂರಿಸಬೇಕೆಂಬ ಕಾನೂನು ಮೊದಲು ಜಾರಿಗೆ ಬಂದುದು ಟೆನೆಸೀ ರಾಜ್ಯದಲ್ಲಿ, 1978ರಲ್ಲಿ. 1985ರ ಹೊತ್ತಿಗೆ ಎಲ್ಲ ರಾಜ್ಯಗಳೂ ಅದನ್ನು ಒಪ್ಪಿಕೊಂಡಿದ್ದವು. ಹುಟ್ಟಿದ ಕೂಸು ಆಸ್ಪತ್ರೆಯಿಂದ ಮನೆಗೆ ಕಾರಿನಲ್ಲಿ ಬರುವುದಾದರೂ ಇದರಲ್ಲಿ ಕುಳಿತೇ ಬರಬೇಕು.

ಕಳೆದ ವರ್ಷ ಜೂನಿನಲ್ಲಿ ನಾವಿಬ್ಬರೂ ಷಿಕಾಗೋದ ಬಳಿ ಇರುವ ಮಗಳ ಮನೆಯಲ್ಲಿದ್ದೆವು. ನಾಲ್ಕು ದಿನ ಬಿಡುವು ಮಾಡಿಕೊಂಡು ಡೆನ್ವರಿಗೆ ಹೋಗಿ ರಾಕಿ ಪರ್ವತಗಳನ್ನು ನೋಡಿ ಬರುವುದೆಂದು ಗೊತ್ತಾಯಿತು. ಷಿಕಾಗೋದಿಂದ ಡೆನ್ವರಿಗೆ ಸುಮಾರು 900 ಮೈಲಿ. ವಿಮಾನದಲ್ಲಿ ಎರಡೂವರೆ ಗಂಟೆಯ ದಾರಿ. ಮೊಮ್ಮಗಳು ಪುಟ್ಟಿಗೆ ಆಗ ಹದಿನಾರು ತಿಂಗಳು. ಎರಡು ವರ್ಷ ತುಂಬದ ಮಗು ದೊಡ್ಡವರ ಮಡಿಲಲ್ಲಿ ಕುಳಿತು ಹೋಗುವುದಾದರೆ ಆ ದೇಶದೊಳಗೆ ಅದಕ್ಕೆ ಟಿಕೆಟ್ಟಿನ ಹಣವಿಲ್ಲ. ಆದರೂ ಅಳಿಯ ಐದು ಟಿಕೆಟ್ಟು ಕೊಂಡಿದ್ದ. ಐದನೆಯದು ಪುಟ್ಟಿಗೆ, ಎಂದರೆ ಪುಟ್ಟಿಯ ಕುರ್ಚಿಗೆ.

ನನ್ನ ಮನೆಯವಳಿಗೆ ಇದು ಸರಿಬರಲಿಲ್ಲ. "ದುಡ್ಡು ಮರದಲ್ಲಿ ಬಿಡುತ್ತದೆಯೇನೆ? ಎರಡು ಗಂಟೆ ಮಗುವನ್ನು ನನ್ನ ಮಡಿಲಲ್ಲಿ ಇಟ್ಟುಕೊಳ್ಳಲಾರೆನೆ? ನಿಮ್ಮಿಬ್ಬರನ್ನೂ ಹಾಗೆಯೇ ಸಾಕಲಿಲ್ಲವೆ?" ಎಂದು ಮಗಳನ್ನು ಕೇಳಿದಳು.

"ನಿನ್ನ ಮಡಿಲಿಗೇನು ಕಡಿಮೆಯಮ್ಮ! ವಿಮಾನ ಕುಲುಕಿದರೆ ಕೈ ನಿಲ್ಲುವುದಿಲ್ಲ, ಅಷ್ಟೆ" ಎಂದಳು ಮಗಳು. ಮಾತು ಅಲ್ಲಿಗೆ ನಿಂತಿತು, ಸಮಾಧಾನವಾಯಿತೆಂದಲ್ಲ.

ಷಿಕಾಗೋದ ಓಹೇರ್ ನಿಲ್ದಾಣ ಒಂದು ಪೇಟೆಯಷ್ಟು ದೊಡ್ಡದು. ಅಲ್ಲಿ ಕುರ್ಚಿಯ ಮೆರವಣಿಗೆ ನೋಡುವಂತಿತ್ತು. ಅಳಿಯ ಅದನ್ನು ಗಾಲಿಯ ಸಣ್ಣ ಚೌಕಟ್ಟಿಗೆ ಬಿಗಿದು, ಪುಟ್ಟಿಯನ್ನು ಅದರಲ್ಲಿಯೇ ಕೂರಿಸಿ, ರಥದಂತೆ ಎಳೆದುಕೊಂಡು ಹೊರಟ. ತಪಾಸಣೆಯ ಕಡೆ ರಥ ನಿಂತಿತು. ಮಗುವನ್ನು ಎತ್ತಿಕೊಳ್ಳಬೇಕು, ಕುರ್ಚಿಯನ್ನು ಬಿಚ್ಚಿ ಎಕ್ಸ್‌ರೇ ಯಂತ್ರದೊಳಗೆ ಕಳುಹಿಸಬೇಕು, ಆಚೆ ಕಡೆ ಮತ್ತೆ ಕಟ್ಟಬೇಕು. ಬೂಟು ಬಿಚ್ಚಿ ಹಾಕಿಕೊಳ್ಳುವುದರಲ್ಲಿಯೇ ಬೇಸತ್ತಿದ್ದ ನನಗೆ ಅಳಿಯನ ತಾಳ್ಮೆಯನ್ನು ಕಂಡು ಮೆಚ್ಚುಗೆಯಾಯಿತು.

ವಿಮಾನದ ಬಾಗಿಲಿನ ಬಳಿ ಕೆಲಸದವನೊಬ್ಬ, ಕುರ್ಚಿ ದೊಡ್ಡದು, ಕೆಳಗೆ ಸಾಮಾನಿನ ಜೊತೆ ಹಾಕುತ್ತೇವೆ ಎಂದು ತಡೆದ. ಅಳಿಯ ಮಾತಿಗೆ ಮಾತು ಬೆಳೆಸದೆ ಕುರ್ಚಿಯನ್ನು ತಿರುಗಿಸಿ ಪಕ್ಕದಲ್ಲಿದ್ದ ಚೀಟಿಯನ್ನು ತೋರಿಸಿದ. ಮೋಟಾರು ವಾಹನಗಳಲ್ಲಿಯೂ ವಿಮಾನಗಳಲ್ಲಿಯೂ ಬಳಸಲು ಇದು ಪ್ರಮಾಣಿತವಾಗಿದೆ ಎಂದು ಅದರಲ್ಲಿ ಕೆಂಪು ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಆ ಚೀಟಿಯೂ ಮಗುವಿನ ಹೆಸರಿನ ಟಿಕೆಟ್ಟೂ ಇದ್ದ ಮೇಲೆ ಅವನು ದಾರಿ ಬಿಟ್ಟ. 16 ಅಂಗುಲಕ್ಕಿಂತ ಅಗಲವಿಲ್ಲದ ಕುರ್ಚಿ ಬಹುಪಾಲು ವಿಮಾನಗಳ ಸೀಟಿನಲ್ಲಿ ಹಿಡಿಯುತ್ತದೆ. ಮನೆಯಲ್ಲಿಯೇ ಅಳತೆ ಮಾಡಿಕೊಂಡು ಹೋಗುವುದು ಜಾಣತನ.

ಕುರ್ಚಿಗೆ ಕಿಟಕಿಯ ಪಕ್ಕದ ಜಾಗವನ್ನೇ ಕೊಡುತ್ತಾರೆ. ಅವಸರದಲ್ಲಿ ಎಲ್ಲರೂ ಇಳಿಯಬೇಕಾದರೆ ಅದು ಯಾರಿಗೂ ಅಡ್ಡವಾಗಬಾರದಷ್ಟೆ. ಅದೇ ಕಾರಣಕ್ಕೆ ತುರ್ತು ಬಾಗಿಲಿನ ಸಾಲಿನಲ್ಲಿ ಇಡಗೊಡುವುದಿಲ್ಲ. ವಿಮಾನದ ಸೊಂಟಪಟ್ಟಿಯನ್ನು ಕುರ್ಚಿಯ ಕಂಡಿಯೊಳಗೆ ತೂರಿಸಿ, ಮೊಣಕಾಲಿನಿಂದ ಕುರ್ಚಿಯನ್ನು ಅದುಮಿ ಬಿಗಿಯಬೇಕು. ಪುಟ್ಟಿಯ ಕುರ್ಚಿ ಹಿಮ್ಮುಖವಾಗಿ ಕೂರುವಂಥದು. ಆದುದರಿಂದ ಮುಂದಿನ ಸಾಲಿನವನಿಗೆ ತನ್ನ ಸೀಟನ್ನು ಹಿಂದಕ್ಕೆ ಬಾಗಿಸಲು ಆಗಲಿಲ್ಲ. ಅವನು ಎರಡು ಸಲ ಒತ್ತಿ, ಮೂರನೆಯ ಸಲ ಎದ್ದು ನೋಡಿ, ನಿದ್ದೆ ಹೋಗುತ್ತಿದ್ದ ಮಗುವನ್ನು ಕಂಡು ಸುಮ್ಮನೆ ಕುಳಿತ. ದಿನವೂ ಕೂರುವ ಕುರ್ಚಿಯಾದುದರಿಂದ ಪುಟ್ಟಿಗೆ ವಿಮಾನವೂ ಒಂದೇ, ಕಾರೂ ಒಂದೇ. ಚಕ್ರಗಳು ನೆಲ ಬಿಡುವ ಮೊದಲೇ ಮಲಗಿಬಿಟ್ಟಿದ್ದಳು.

ಮಿಸಿಸಿಪಿ ನದಿಯನ್ನು ದಾಟಿದರೆ ಅಯೋವಾ ರಾಜ್ಯ. ಕಣ್ಣು ಹರಿದಷ್ಟೂ ಚೌಕಚೌಕದ ಹೊಲಗಳು, ಮೆಕ್ಕೆಜೋಳವೂ ಸೋಯಾ ಅವರೆಯೂ ಬೆಳೆಯುವ ಸಪಾಟು ನೆಲ. ಈ ಬಯಲಿನ ವಾಯವ್ಯದ ಅಂಚಿನಲ್ಲಿ, ಮಿಸೌರಿ ನದಿಯ ದಡದಲ್ಲಿ, ಸೂ ಸಿಟಿ ಎಂಬ ಊರಿದೆ. ಅಳಿಯ ಐದನೆಯ ಟಿಕೆಟ್ಟು ಕೊಂಡುದಕ್ಕೆ ಕಾರಣ ಆ ಊರಿನ ಕಥೆ. ನಮ್ಮ ದಾರಿಯಲ್ಲಿಯೇ ಎದುರು ದಿಕ್ಕಿಗೆ, ಡೆನ್ವರಿನಿಂದ ಷಿಕಾಗೋಗೆ ಬರುತ್ತಿದ್ದ ವಿಮಾನದ ಕಥೆ ಅದು. ಅವನು ಮೆಲುದನಿಯಲ್ಲಿ ಹೇಳಿದ.

1989ರ ಜುಲೈ 19. ಯುನೈಟೆಡ್ 232 ಎಂಬ ಆ ಮೂರು ಎಂಜಿನ್ನುಗಳ ವಿಮಾನದಲ್ಲಿ 296 ಜನ. ಅಯೋವಾದ ಮೇಲೆ ಬಾಲದ ಎಂಜಿನ್ನು ಒಡೆದು, ವಿಮಾನವನ್ನು ತಿರುಗಿಸುವ ಎಣ್ಣೆಯ ಕೊಳವೆಗಳೆಲ್ಲ ಹರಿದುಹೋದವು. ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಸಂಗಡಿಗರು ಉಳಿದ ಎರಡು ಎಂಜಿನ್ನುಗಳ ವೇಗವನ್ನು ಮಾತ್ರ ಹೆಚ್ಚು ಕಡಿಮೆ ಮಾಡುತ್ತ, ಮುಕ್ಕಾಲು ಗಂಟೆಯ ಹೊತ್ತು ಹೋರಾಡಿ, ಸೂ ಸಿಟಿಯ ನಿಲ್ದಾಣದವರೆಗೆ ಅದನ್ನು ತಂದರು. ಇಳಿಯುವಾಗ ವಿಮಾನ ತುಂಡಾಗಿ ಹೊತ್ತಿಕೊಂಡಿತು. 112 ಜನ ಸತ್ತರು. 184 ಜನ ಬದುಕಿದರು. ಅಷ್ಟು ಜನ ಬದುಕಿದುದನ್ನು ಇಂದಿಗೂ ಪವಾಡವೆನ್ನುತ್ತಾರೆ.

ಆ ವಿಮಾನದಲ್ಲಿ ಮಡಿಲ ಕೂಸುಗಳು ನಾಲ್ಕಿದ್ದವು. ಇಳಿಯುವ ಮುನ್ನ ಕೂಸುಗಳನ್ನು ತಾಯ್ತಂದೆಯರ ಕಾಲಬಳಿ ನೆಲದ ಮೇಲೆ ಇಟ್ಟು ಹಿಡಿದುಕೊಳ್ಳಬೇಕೆಂಬುದು ಆಗಿನ ನಿಯಮ. ಪರಿಚಾರಿಕೆಯರ ಮುಖ್ಯಸ್ಥೆ ಜಾನ್ ಬ್ರೌನ್ ನಿಯಮದಂತೆಯೇ ಹೇಳಿದರು. ತಾಯಂದಿರು ಹಾಗೆಯೇ ಮಾಡಿದರು. ವಿಮಾನ ನೆಲಕ್ಕೆ ಬಡಿದಾಗ ಯಾರ ಕೈಯೂ ನಿಲ್ಲಲಿಲ್ಲ. ಒಂದು ಕೂಸನ್ನು ತಲೆಯ ಮೇಲಿನ ಸಾಮಾನಿನ ಗೂಡಿನಿಂದ ತೆಗೆದರು, ಅದು ಬದುಕಿತು. ಎರಡು ವರ್ಷ ತುಂಬದ ಇನ್ನೊಂದು ಗಂಡುಮಗು ಬದುಕಲಿಲ್ಲ. ಹೊರಗೆ ಬಂದ ಜಾನ್ ಬ್ರೌನ್ ಅವರಿಗೆ ಮೊದಲು ಎದುರಾದವರಲ್ಲಿ ಆ ಮಗುವಿನ ತಾಯಿಯೂ ಒಬ್ಬಳು. ಮಡಿಲ ಕೂಸುಗಳಿಗೂ ಸ್ವಂತ ಆಸನ ಕಡ್ಡಾಯವಾಗಬೇಕೆಂದು ಆಕೆ ಅಂದಿನಿಂದ ವರ್ಷಗಟ್ಟಲೆ ಹೋರಾಡಿದರು.

1990ರಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯೂ ಅದನ್ನೇ ಶಿಫಾರಸು ಮಾಡಿತು. ಆದರೆ ನಿಯಮ ಮಾಡಬೇಕಾದ ವಿಮಾನಯಾನ ಆಡಳಿತ 2005ರಲ್ಲಿ ಅದನ್ನು ಕೈಬಿಟ್ಟಿತು. ಅದರ ವಾದ ತೆಗೆದುಹಾಕುವಂಥದಲ್ಲ. ಕೂಸಿಗೂ ಟಿಕೆಟ್ಟು ಎಂದರೆ ಎಷ್ಟೋ ಸಂಸಾರಗಳು ವಿಮಾನ ಬಿಟ್ಟು ಕಾರಿನಲ್ಲಿ ಹೊರಡುತ್ತವೆ. ರಸ್ತೆಯಲ್ಲಿ ಸಾಯುವ ಮಕ್ಕಳು ವಿಮಾನದಲ್ಲಿ ಉಳಿಯುವ ಮಕ್ಕಳಿಗಿಂತ ಹೆಚ್ಚಾದಾರು ಎಂಬುದು ಅದರ ಲೆಕ್ಕ. ಹಾಗೆಂದು ಮಡಿಲೇ ಸಾಕೆಂದು ಆ ಆಡಳಿತವೂ ಹೇಳುವುದಿಲ್ಲ. ಕೂಸನ್ನು ಆಸನದಲ್ಲಿಯೇ ಕೂರಿಸಿರೆಂದು ತಂದೆತಾಯಿಗಳಿಗೆ ಒತ್ತಿ ಹೇಳುತ್ತದೆ. 2024ರ ಜನವರಿ 5ರಂದು ಪೋರ್ಟ್‌ಲೆಂಡಿನಿಂದ ಹೊರಟ ವಿಮಾನವೊಂದರ ಪಕ್ಕದ ಫಲಕ ಆಕಾಶದಲ್ಲಿ ಕಿತ್ತುಹೋದಾಗ ಅದರಲ್ಲಿ ಮೂರು ಮಡಿಲ ಕೂಸುಗಳಿದ್ದವು. ಅವಕ್ಕೆ ಏನೂ ಆಗಲಿಲ್ಲ. ಹಳೆಯ ಚರ್ಚೆ ಮಾತ್ರ ಮತ್ತೆ ಎದ್ದಿತು.

ನನ್ನ ಮನೆಯವಳು ಕಥೆಯನ್ನು ಕೇಳಿ ಏನೂ ಹೇಳಲಿಲ್ಲ. ಡೆನ್ವರು ಹತ್ತಿರವಾದಾಗ ವಿಮಾನ ಎರಡು ಮೂರು ಸಲ ಸರಕ್ಕನೆ ಕುಸಿಯಿತು. ರಾಕಿ ಪರ್ವತಗಳನ್ನು ದಾಟಿ ಬರುವ ಗಾಳಿ ಅಲೆಅಲೆಯಾಗಿ ಬಯಲಿಗಿಳಿಯುವುದರಿಂದ ಅಲ್ಲಿ ಇದು ಸಾಮಾನ್ಯ. ಲೋಟದಲ್ಲಿದ್ದ ನನ್ನ ಕಾಫಿ ಅಂಗಿಯ ಮೇಲಾಯಿತು. ಹತ್ತು ಕಿಲೋ ತೂಗುವ ಮಗು ಇಂಥ ಜರ್ಬಿನಲ್ಲಿ ಒಂದು ಗಳಿಗೆ ನಾಲ್ಕು ಪಟ್ಟು ಭಾರವಾದರೆ ನಲವತ್ತು ಕಿಲೋ. ಅರವತ್ತೈದರ ಅಜ್ಜಿಯ ಕೈ ಹಾಗಿರಲಿ, ಪೈಲ್ವಾನನ ಕೈಯೂ ಸಡಿಲಬಹುದು. ಪುಟ್ಟಿ ಒಮ್ಮೆ ಕಣ್ಣು ಬಿಟ್ಟು ಮತ್ತೆ ಮಲಗಿದಳು. ಅಜ್ಜಿಯ ಕೈ ಕುರ್ಚಿಯ ಅಂಚನ್ನು ಭದ್ರವಾಗಿ ಹಿಡಿದಿತ್ತು.

ಡೆನ್ವರಿನ ನಿಲ್ದಾಣದ ಮಾಡು ಬಿಳಿಯ ಡೇರೆಗಳ ಸಾಲಿನಂತೆ, ಹಿಮದ ಶಿಖರಗಳನ್ನು ನೆನಪಿಗೆ ತರುವ ಹಾಗೆ ಕಟ್ಟಿದೆ. ನೆಲದಡಿಯ ರೈಲಿನಲ್ಲಿ ಅಲ್ಲಿಗೆ ಬಂದು, ಬಾಡಿಗೆಯ ಕಾರಿನಲ್ಲಿ ಅದೇ ಕುರ್ಚಿಯನ್ನು ಬಿಗಿದು ಹೊರಟೆವು. ಸಾಮಾನಿನ ಜೊತೆ ಹಾಕಿದ್ದರೆ, ಎಸೆದಾಟದಲ್ಲಿ ಬಿರುಕು ಬಿಟ್ಟೋ ಬೇರೆ ಊರಿಗೆ ಹೋಗಿಯೋ ಅಲ್ಲಿಯೇ ಕಾಯಬೇಕಾಗುತ್ತಿತ್ತು.

ಹೋಗಲಿರುವವರಿಗೆ ನಾಲ್ಕು ಮಾತು. ಇಲ್ಲಿ ಕೊಂಡ ಕುರ್ಚಿ ಅಲ್ಲಿಯ ಪ್ರಮಾಣದ್ದಲ್ಲದಿದ್ದರೆ ಅಮೆರಿಕದ ಕಾರಿನಲ್ಲಿ ನಡೆಯದು. ಅಲ್ಲಿಯೇ ಕೊಳ್ಳುವುದು ಮೇಲು. ಬೆನ್ನುಪಟ್ಟಿಯಿಲ್ಲದೆ ಕೇವಲ ಎತ್ತರಕ್ಕಾಗಿ ಹಾಕುವ ಬೂಸ್ಟರ್ ಆಸನವನ್ನು ವಿಮಾನ ಏರುವಾಗ ಇಳಿಯುವಾಗ ಬಳಸಗೊಡುವುದಿಲ್ಲ. ವಿಮಾನದಲ್ಲಿ ಕೊಡುವ ಗೋಡೆಯ ತೊಟ್ಟಿಲೂ ಆ ಹೊತ್ತಿಗೆ ಸಲ್ಲದು. ನಮ್ಮ ದೇಶದ ವಿಮಾನಗಳಲ್ಲಿ ತಾಯಿಯ ಪಟ್ಟಿಗೆ ಸೇರಿಸುವ ಕೂಸಿನ ಪಟ್ಟಿ ಕೊಡುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಅನುಮತಿಯಿಲ್ಲ. ಕುರ್ಚಿಯನ್ನು ಒಯ್ಯುವುದಾದರೆ ವಿಮಾನದ ಕಂಪನಿಯನ್ನು ಮೊದಲೇ ಕೇಳಿಕೊಳ್ಳಬೇಕು. ಐದನೆಯ ಟಿಕೆಟ್ಟು ಎಲ್ಲರ ಕೈಗೂ ಎಟುಕುವಂಥದಲ್ಲ, ಬಲ್ಲೆ. ಎಟುಕುವವರು ಅದನ್ನು ದುಂದೆಂದು ತಿಳಿಯಬಾರದು.

ಮುಂಬಯಿಗೆ ಹಿಂದಿರುಗಿದ ಮೇಲೆ ನನ್ನ ಮನೆಯವಳು ಪುಣೆಯ ಮಗನಿಗೆ ದೂರವಾಣಿ ಮಾಡಿದಳು. ಅವನ ಮಗನಿಗೆ ಎರಡೂವರೆ ವರ್ಷ. ಹಬ್ಬ ಬಂತೆಂದರೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ತಾಯಿಯ ಮಡಿಲಲ್ಲಿ, ಮುಂದಿನ ಸೀಟಿನಲ್ಲಿ ಕುಳಿತು ಬರುತ್ತಾನೆ. ಹದಿನಾಲ್ಕರ ಒಳಗಿನ ಮಕ್ಕಳನ್ನು ಪಟ್ಟಿಯಿಂದಲೋ ಮಗುವಿನ ಆಸನದಿಂದಲೋ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡವೆಂದು 2019ರಲ್ಲಿ ನಮ್ಮಲ್ಲಿಯೂ ಕಾನೂನಾಗಿದೆ. ಅವಳು ಕಾನೂನಿನ ಮಾತೆತ್ತಲಿಲ್ಲ. "ದೀಪಾವಳಿಗೆ ಬರುವುದಾದರೆ ಮಗುವಿನ ಕುರ್ಚಿ ಕೊಂಡು ಬಾ. ದುಡ್ಡು ನಾನು ಕೊಡುತ್ತೇನೆ" ಎಂದಳು.